ಪಿಕ್‌ಅಪ್ ಗಾಡಿಯ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಬದಲಾವಣೆ

ಸರಕು ಸಾಗಿಸುವ ಸಣ್ಣ ಗಾಡಿಗಳ ಮುಂದಿನ ಗಾಲಿಗಳಲ್ಲಿ ಸವೆದ ಪ್ಯಾಡ್ ಮತ್ತು ಡಿಸ್ಕ್‌ಗಳನ್ನು ತೆಗೆದು ಹೊಸವನ್ನು ಕೂಡಿಸುವ ಕೆಲಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಓಡುವ ಮಹೀಂದ್ರಾ ಬೊಲೆರೊ ಪಿಕ್‌ಅಪ್, ಅಶೋಕ್ ಲೇಲ್ಯಾಂಡ್ ದೋಸ್ತ್, ಛೋಟಾ ಹಾಥಿ ಎಂದು ಕರೆಸಿಕೊಳ್ಳುವ ಟಾಟಾ ಏಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ನಾಲ್ಕೂ ಗಾಲಿಗೆ ಡಿಸ್ಕ್ ಇರುವ ಅಮೆರಿಕದ ಪಿಕ್‌ಅಪ್‌ಗಳಿಗೆ ಬರೆದ ಕೈಪಿಡಿ ಆದ್ದರಿಂದ ಇಲ್ಲಿ ಅರ್ಧಕ್ಕೆ ಮಾತ್ರ ಉಪಯೋಗ.

ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಶಾಖವಾಗುತ್ತದೆ. ಸರಕು ಸೇರಿ 3 ಟನ್ ತೂಗುವ ಗಾಡಿಯನ್ನು 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಸುಮಾರು 1.4 ಲೀಟರ್ ನೀರು ಕುದಿಯುವ ಹಂತಕ್ಕೆ ಬರುತ್ತದೆ. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೆ ಭತ್ತದ ಚೀಲ ಹೊರುವ ಗಾಡಿಗೂ ಖಾಲಿ ಓಡುವ ಗಾಡಿಗೂ ಪ್ಯಾಡ್ ಬಾಳಿಕೆಯಲ್ಲಿ ವ್ಯತ್ಯಾಸ ಬರುವುದು ತೂಕ ಹೆಚ್ಚಿದಷ್ಟೂ ಶಾಖ ಹೆಚ್ಚುವುದರಿಂದಲೇ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ರಾಡಿ, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಜಾರುವ ಪಿನ್‌ಗಳಲ್ಲಿ ಸೇರಿ ಗಟ್ಟಿಯಾದರೆ ಒಂದು ಪ್ಯಾಡ್ ಪೂರಾ ಸವೆದು ಜೋಡಿ ಪ್ಯಾಡ್ ಹೊಸದರಂತೆಯೇ ಉಳಿಯುತ್ತದೆ. ಹೊಸ ಪ್ಯಾಡ್ ಹಾಕಿ ಈ ಪಿನ್‌ಗಳನ್ನು ಹಾಗೇ ಬಿಡುವುದು ಹಣ ಕಳೆಯುವ ದಾರಿ. ಗಿಣಿಗೇರಾ ಸುತ್ತಲಿನ ಕಾರ್ಖಾನೆ ರಸ್ತೆಗಳ ಧೂಳಿನಲ್ಲಿ ದಿನವೂ ಓಡುವ ಗಾಡಿಯ ಡಿಸ್ಕ್ ಮೇಲೆ ಗೀರು ಬಿದ್ದಿದೆಯೇ ಎಂದು ಆಗಾಗ ನೋಡಬೇಕು.

ಪ್ಯಾಡ್ ಎಂದರೆ ಕಬ್ಬಿಣದ ತಗಡಿಗೆ ಅಂಟಿಸಿದ ಘರ್ಷಣ ವಸ್ತು. ಅದು ಸುಮಾರು 3 ಮಿ.ಮೀ.ಗೆ ಇಳಿದರೆ ಬದಲಿಸುವುದು ರೂಢಿ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯಬಹುದು. ಎಡಬಲ ಎರಡನ್ನೂ ಒಟ್ಟಿಗೆ ಮಾಡಬೇಕು.

ಮನೆಯಂಗಳದಲ್ಲಿ ಮಾಡುವಾಗ ಮೊದಲ ಪ್ರಶ್ನೆ ನೆಲದ್ದು. ಯಲಬುರ್ಗಾ ಕಡೆಯ ಎರೆ ಮಣ್ಣಿನಲ್ಲಿ, ಅದೂ ಮಳೆಗಾಲದಲ್ಲಿ, ಜಾಕ್ ಕುಸಿಯುತ್ತದೆ. ಸಿಮೆಂಟ್ ಕಟ್ಟೆ ಅಥವಾ ಸಮತಟ್ಟಾದ ಗಟ್ಟಿ ನೆಲ ಬೇಕು. ಗಾಡಿ ಖಾಲಿ ಇರಬೇಕು, ಹಿಂದಿನ ಗಾಲಿಗಳಿಗೆ ಹಿಂದೆಮುಂದೆ ತಡೆ ಕೊಡಬೇಕು. ವೀಲ್ ನಟ್‌ಗಳನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ, ಜಾಕ್‌ನಿಂದ ಎತ್ತಿದ ಮೇಲೆ ಚಾಸಿಗೆ ಸ್ಟ್ಯಾಂಡ್ ಕೊಡುತ್ತಾರೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದರ ಭಾರ ರಬ್ಬರ್ ಹೋಸ್ ಮೇಲೆ ಬೀಳದಂತೆ ತಂತಿಯಿಂದ ಕಟ್ಟುತ್ತಾರೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಪಿಸ್ಟನ್ ಅನ್ನು ಸಿ-ಕ್ಲಾಂಪ್‌ನಿಂದ ನಿಧಾನವಾಗಿ ಒಳಕ್ಕೆ ತಳ್ಳಬೇಕು. ಡಬ್ಬಿ ಉಕ್ಕಿದರೆ ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಕಿತ್ತುಬರುತ್ತದೆ. ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವ ಚಾಳಿ ಗ್ಯಾರೇಜುಗಳಲ್ಲಿ ಉಂಟು. ಹಳೆಯ ಪ್ಯಾಡ್, ಲೈನರ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಪಿನ್‌ಗಳಿಗೆ ಬ್ರೇಕ್‌ಗೆಂದೇ ಮಾಡಿದ ಗ್ರೀಸ್ ಬೇಕು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಊದಿಸುತ್ತದೆ.

ಬೀಡುಕಬ್ಬಿಣದ ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತಾರೆ. ಲೇತ್‌ಗೆ ಹಾಕಿಸಿದ ಮೇಲೂ ದಪ್ಪ ಆ ಅಂಕಿಗಿಂತ ಹೆಚ್ಚು ಉಳಿಯುವಂತಿದ್ದರೆ ಮಾತ್ರ ಹಾಕಿಸಬಹುದು. ಪೆಡಲ್ ಅದುರುತ್ತಿದ್ದರೆ, ಅಂಚಿನಲ್ಲಿ ದಿಂಡು ಎದ್ದಿದ್ದರೆ, ಬಿರುಕು ಕಂಡರೆ ಡಿಸ್ಕ್ ಪರೀಕ್ಷಿಸಬೇಕು. ಬಿರುಕು ಬಿಟ್ಟ ಡಿಸ್ಕ್ ಲೇತ್‌ಗೂ ಬಾರದು. ಕೆಲವು ಗಾಡಿಗಳಲ್ಲಿ ಡಿಸ್ಕ್ ಹಬ್‌ನ ಮೇಲಿಂದ ಸಲೀಸಾಗಿ ಜಾರಿ ಬರುತ್ತದೆ. ಹಬ್‌ನ ಹಿಂಬದಿಗೆ ಬೋಲ್ಟ್ ಮಾಡಿದ್ದರೆ ಹಬ್ಬನ್ನೂ ಬೇರಿಂಗನ್ನೂ ಬಿಚ್ಚಬೇಕು, ಮರಳಿ ಕೂಡಿಸುವಾಗ ಬೇರಿಂಗ್ ಬಿಗಿ ಹೊಂದಿಸಬೇಕು. ಮನೆಯ ಕೆಲಸ ಇಲ್ಲಿಗೆ ಮುಗಿಯಿತೆಂದು ತಿಳಿದು ಮೇಸ್ತ್ರಿಯನ್ನು ಕರೆಯುವುದು ಜಾಣತನ. ಹೊಸ ಡಿಸ್ಕ್‌ಗೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆದೇ ಹಾಕಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲಿನ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಯಾವ ದರ್ಜೆ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಹೋಸ್ ಬಿಚ್ಚಿದ್ದರೆ ಲೈನ್‌ನ ಗಾಳಿ ತೆಗೆಯಬೇಕು.

ಎಲ್ಲ ಕೂಡಿಸಿದ ಮೇಲೆ, ಗಾಡಿ ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ತುಳಿಯಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡ್‌ಗೆ ತಾಗಿರುವುದಿಲ್ಲ. ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದೇ ಇಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಹಲವು ಬಾರಿ ಇಳಿಸಿ, ನಡುವೆ ಆರಲು ಬಿಡುತ್ತ, ಪ್ಯಾಡ್ ಮತ್ತು ಡಿಸ್ಕ್ ಹೊಂದಿಕೊಳ್ಳುವಂತೆ ಮಾಡುತ್ತಾರೆ. ಕುಷ್ಟಗಿ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50 ಇದಕ್ಕೆ ತಕ್ಕ ಜಾಗವಲ್ಲ, ಹಿಂದೆ ಲಾರಿಗಳಿರುತ್ತವೆ.

ಮುಂದಿನದನ್ನು ಹೊಸದು ಮಾಡಿ ಹಿಂದಿನ ಡ್ರಮ್ ಲೈನರ್ ಮರೆತರೆ ಸರಕು ಹೇರಿದಾಗ ತೊಂದರೆ: ಸರಕಿನ ಭಾರ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲಿರುವಾಗ ಡ್ರಮ್‌ನ ಪಾಲು ಹೆಚ್ಚುತ್ತದೆ. ಸರಕು ವಾಹನಗಳು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಅಲ್ಲಿಯ ಬ್ರೇಕ್ ಪರೀಕ್ಷೆ ಹಿಂದಿನ ಗಾಲಿಗಳನ್ನೂ ನೋಡುತ್ತದೆ.