ಜೊತೆಗಾರ ಸತ್ತ ಮೇಲೆ ನಾಯಿ: ಶೋಕದ ಅಧ್ಯಯನ ಸಾಗಿಬಂದ ದಾರಿ

ಕರು ಸತ್ತರೆ ಎಷ್ಟೋ ಹಸುಗಳು ಹಾಲು ಬಿಡುವುದಿಲ್ಲ. ಅದಕ್ಕೇ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುವ ರೂಢಿ ಹಳ್ಳಿಗಳಲ್ಲಿತ್ತು. ಪ್ರಾಣಿಗೂ ಅಗಲಿಕೆ ತಟ್ಟುತ್ತದೆಂದು ರೈತರು ಬಲ್ಲರು. ವಿಜ್ಞಾನ ಅದನ್ನು ಒಪ್ಪಲು ನೂರು ವರ್ಷ ಹಿಂದೆಮುಂದೆ ನೋಡಿತು.

ಡಾರ್ವಿನ್‌ಗೆ ಅನುಮಾನವಿರಲಿಲ್ಲ. ಮರಿ ಕಳೆದುಕೊಂಡ ಹೆಣ್ಣು ಕೋತಿಗಳ ದುಃಖವನ್ನು ಅವನು 1871ರಲ್ಲೇ ದಾಖಲಿಸಿದ. 1894ರಲ್ಲಿ ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ ಕಡಿವಾಣ ಹಾಕಿದ: ಸರಳ ಕಾರಣ ಸಾಕಾಗುವ ಕಡೆ ಪ್ರಾಣಿಗೆ ದೊಡ್ಡ ಮನೋವ್ಯಾಪಾರವನ್ನು ಆರೋಪಿಸಬೇಡಿ. 1913ರಲ್ಲಿ ಮನೋವಿಜ್ಞಾನಿ ವಾಟ್ಸನ್, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಳೆಯಬೇಕೆಂಬ ವರ್ತನಾವಾದವನ್ನು ಸಾರಿದ ಮೇಲಂತೂ ಪ್ರಾಣಿಯ ಒಳಗಿನ ಮಾತು ಪ್ರಯೋಗಾಲಯದಿಂದಲೇ ಹೊರಬಿತ್ತು.

ಆ ಮಾತು ಮರಳಿದ್ದು ಕಾಡಿನಿಂದ. 1972ರಲ್ಲಿ ಟಾಂಜಾನಿಯಾದ ಗೊಂಬೆಯಲ್ಲಿ, ಸಂಶೋಧಕಿ ಜೇನ್ ಗುಡಾಲ್ ವರ್ಷಗಟ್ಟಲೆ ಗಮನಿಸಿದ್ದ ಫ್ಲೋ ಎಂಬ ಚಿಂಪಾಂಜಿ ಸತ್ತಿತು. ಮಗ ಫ್ಲಿಂಟ್ ಮಂಕಾಗಿ, ತಿನ್ನುವುದನ್ನು ಬಿಟ್ಟು, ತಿಂಗಳೊಳಗೆ ತಾನೂ ಸತ್ತ. ಒಂದು ಘಟನೆ ಮನ ಕಲಕಬಹುದು, ಪುರಾವೆಯಾಗದು. ಹಾಗಾಗಿ ಮುಂದಿನವರು ಎಣಿಕೆಗೆ ತೊಡಗಿದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2019ರಲ್ಲಿ, ಸತ್ತ ಮರಿಯನ್ನು ಹೊತ್ತು ತಿರುಗುವ ಮಂಗ ಮತ್ತು ಸಿಂಗಳೀಕಗಳ ಪ್ರಕರಣಗಳನ್ನು ಪ್ರಕಟಿಸಿದರು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ತಂಡ, ಏಷ್ಯಾದ ಆನೆಗಳು ಸತ್ತವುಗಳ ಬಳಿ ನಡೆದುಕೊಳ್ಳುವ ರೀತಿಯನ್ನು ಯೂಟ್ಯೂಬ್ ವಿಡಿಯೊಗಳಿಂದಲೇ ಹೆಕ್ಕಿ ವಿಶ್ಲೇಷಿಸಿತು.

ಮನುಷ್ಯನ ಕಾಲಬುಡದಲ್ಲೇ ಇದ್ದ ನಾಯಿಯ ಸರದಿ ಬಂದದ್ದು ತಡವಾಗಿ. 1996ರಲ್ಲಿ ಅಮೆರಿಕದ ಪ್ರಾಣಿದಯಾ ಸಂಘವೊಂದು ನಡೆಸಿದ ಸಮೀಕ್ಷೆಯಲ್ಲಿ, ಜೊತೆಗಾರನನ್ನು ಕಳೆದುಕೊಂಡ ನಾಯಿಗಳಲ್ಲಿ ಶೇ 36ರಷ್ಟು ಎಂದಿಗಿಂತ ಕಡಿಮೆ ತಿಂದಿದ್ದವು. 2022ರಲ್ಲಿ ಇಟಲಿಯ ಸಂಶೋಧಕರು 426 ಮಾಲೀಕರನ್ನು ವಿಚಾರಿಸಿದರು. ಉಳಿದ ನಾಯಿಯ ನಡವಳಿಕೆ ಬದಲಾಯಿತೆಂದವರು ಶೇ 86. ಆಟ ಕಡಿಮೆ, ನಿದ್ದೆ ಹೆಚ್ಚು, ಮಾಲೀಕರಿಗೆ ಅಂಟಿಕೊಳ್ಳುವುದು ಇನ್ನೂ ಹೆಚ್ಚು. ಎಷ್ಟು ವರ್ಷ ಒಟ್ಟಿಗಿದ್ದವು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಹೇಗೆ ಹೊಂದಿಕೊಂಡಿದ್ದವು ಎಂಬುದೇ ಮುಖ್ಯವಾಯಿತು. ಮಾಲೀಕರ ದುಃಖ ಹೆಚ್ಚಿದ್ದ ಕಡೆ ನಾಯಿಯ ಅಂಜಿಕೆಯೂ ಹೆಚ್ಚಿತ್ತು. ತೊಡಕಿರುವುದೇ ಇಲ್ಲಿ: ನಾಯಿ ನೊಂದಿತೋ, ಮಾಲೀಕರ ನೋವು ಅದಕ್ಕೆ ತಾಗಿತೋ, ನೊಂದ ಕಣ್ಣಿಗೆ ಹಾಗೆ ಕಂಡಿತೋ?

2023ರ ನವೆಂಬರ್‌ನಲ್ಲಿ ಹೊನ್ನಾಳಿ ತಾಲ್ಲೂಕಿನಿಂದ ಬಂದ ಸುದ್ದಿ ಈ ತೊಡಕಿಗೆ ಕನ್ನಡಿ. ಬೈಕಿಗೆ ನಾಯಿ ಅಡ್ಡ ಬಂದು ಯುವಕನೊಬ್ಬ ಮೃತಪಟ್ಟಿದ್ದ. ಕೆಲ ದಿನಗಳ ಮೇಲೆ ಅದೇ ನಾಯಿ ಸಾವಿನ ಮನೆ ಹೊಕ್ಕಿತು. ಕ್ಷಮೆ ಕೇಳಲು ಬಂದಿದೆ ಎಂದೇ ಜನ ಭಾವಿಸಿದರು. ಆ ನಂಬಿಕೆ ಮನೆಯವರಿಗೆ ಸಮಾಧಾನ ತಂದಿರಬಹುದು. ಆದರೆ ಸಂಶೋಧನೆ ಕಂಡುಕೊಂಡಿರುವುದು ಒಡನಾಟ ಕಡಿದುಹೋದಾಗಿನ ನಡವಳಿಕೆಯ ಬದಲಾವಣೆಯನ್ನು ಮಾತ್ರ. ಪಶ್ಚಾತ್ತಾಪಕ್ಕೆ ಅಲ್ಲಿ ಪುರಾವೆಯಿಲ್ಲ.

ಮೇಲಿನ ಎರಡೂ ಸಮೀಕ್ಷೆಗಳು ಮನೆಯೊಳಗಿನ ಸಾಕುನಾಯಿಗಳವು. ಜಗಳೂರಿನ ಕುರಿಹಟ್ಟಿಯ ನಾಯಿ, ಚನ್ನಗಿರಿಯ ಅಡಿಕೆ ತೋಟ ಕಾಯುವ ನಾಯಿ, ನ್ಯಾಮತಿಯ ಬೀದಿಯಲ್ಲಿ ಗುಂಪಾಗಿ ಬೆಳೆಯುವ ನಾಯಿ ಆ ಲೆಕ್ಕದಲ್ಲಿಲ್ಲ. ಇವುಗಳ ಊಟ, ನಿದ್ದೆ, ಓಡಾಟವನ್ನು ಜೊತೆಗಾರ ಬದುಕಿರುವಾಗಲೇ ಬರೆದಿಟ್ಟುಕೊಂಡು, ಸತ್ತ ಬಳಿಕ ಹೋಲಿಸಬೇಕು. ಮಾಲೀಕರ ನೆನಪನ್ನು ನೆಚ್ಚದೆ ಉತ್ತರ ಹುಡುಕುವ ದಾರಿ ಅದು.