ಗಡಿಯಾಚೆ ಬಿದ್ದ ಸೈಕಲ್ಲು: ಅಪಘಾತ ಪರಿಹಾರದ ಕಾನೂನು ನಡೆದು ಬಂದ ದಾರಿ

ಇಂದು ಸೈಕಲ್ ಸವಾರನ ವಿಷಯ ಮಾತನಾಡೋಣ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನು, ಮೇವಿನ ಹೊರೆ ಹೇರಿಕೊಂಡು ಬರುವವನು, ಚೀಲ ನೇತುಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ಇವರಿಗೆ ಲಾರಿಯೋ ಬಸ್ಸೋ ಬಡಿದರೆ ಕಾನೂನು ಏನು ಕೊಡುತ್ತದೆ? ಅದನ್ನು ಎಲ್ಲಿ ಕೇಳಬೇಕು? ಈ "ಎಲ್ಲಿ" ಎಂಬ ಪ್ರಶ್ನೆ ಗಡಿಯ ಊರಿನವರಾದ ನಮಗೆ ಬಲು ದೊಡ್ಡದು. ಜತ್ ಕಡೆಯವರಿಗೆ ವಿಜಯಪುರದ ಪೇಟೆ ಬೇಕು, ಮಂಜೇಶ್ವರದವರಿಗೆ ತಲಪಾಡಿ ದಾಟಿದರೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ. ಸೈಕಲ್ಲಿಗೆ ಗಡಿ ಗೊತ್ತಿಲ್ಲ, ಆದರೆ ಕೋರ್ಟು ಕಚೇರಿಗಳಿಗೆ ಗೊತ್ತು.

ಹಿಂದಿನಿಂದ ನೋಡುತ್ತ ಬರೋಣ. ಕಂಪೆನಿ ಸರಕಾರದ ಕಾಲದಲ್ಲಿ, 1855ರಲ್ಲಿ, ಮಾರಕ ಅಪಘಾತಗಳ ಕಾಯಿದೆ ಬಂತು. ಅದು ಸತ್ತವರ ಹೆಂಡತಿ, ಮಕ್ಕಳು, ತಂದೆತಾಯಿಗಳಿಗಾಗಿ ಇದ್ದದ್ದು. ಕಾಲು ಮುರಿದುಕೊಂಡು ಬದುಕಿ ಉಳಿದವನು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕಿತ್ತು. ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟು ಫೀ ಕಟ್ಟಬೇಕು, ಸಾಕ್ಷಿ ತರಬೇಕು, ಚಾಲಕನದೇ ತಪ್ಪೆಂದು ರುಜುವಾತು ಮಾಡಬೇಕು. 1914ರಲ್ಲಿ ಮೋಟಾರು ವಾಹನಗಳಿಗೆಂದೇ ಮೊದಲ ಅಖಿಲ ಭಾರತ ಕಾಯಿದೆಯಾಯಿತು. ಅದು ನಂಬರು, ಲೈಸೆನ್ಸುಗಳ ವ್ಯವಸ್ಥೆ ಮಾಡಿತೇ ಹೊರತು ಪೆಟ್ಟು ತಿಂದವನ ಗೋಜಿಗೆ ಹೋಗಲಿಲ್ಲ. ದಾವೆ ಗೆದ್ದರೂ ಚಾಲಕನ ಹತ್ತಿರ ಕೊಡಲು ಏನೂ ಇಲ್ಲದಿದ್ದರೆ ಡಿಕ್ರಿಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಬೇಕಿತ್ತು.

ಈ ಕೊರತೆಯನ್ನು ತುಂಬಿದ್ದು 1939ರ ಮೋಟಾರು ವಾಹನ ಕಾಯಿದೆ. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು ಮಹಾಯುದ್ಧ ಮುಗಿದ ಮೇಲೆ, 1946ರ ಜುಲೈ 1ರಂದು. ಇದಕ್ಕೆ ಮೂರನೆಯವರ ವಿಮೆ ಎನ್ನುತ್ತಾರೆ. ವಾಹನದ ಮಾಲೀಕ ಒಬ್ಬ, ವಿಮಾ ಕಂಪೆನಿ ಇನ್ನೊಬ್ಬ. ರಸ್ತೆಯಲ್ಲಿರುವ ನಮ್ಮ ಸೈಕಲ್ ಸವಾರನೇ ಆ ಮೂರನೆಯವನು. ಅವನು ಒಂದು ಪೈಸೆಯ ಕಂತೂ ಕಟ್ಟಿರುವುದಿಲ್ಲ. ಆದರೂ ಆ ಪಾಲಿಸಿ ಇರುವುದು ಅವನಂಥವರ ಸಲುವಾಗಿಯೇ. ವಿಮೆಯ ಹಣ ಕೇಳುವುದು ದಾನ ಕೇಳಿದಂತೆ ಎಂದು ಸಂಕೋಚಪಡುವವರು ಈ ಮಾತನ್ನು ನೆನಪಿಡಬೇಕು.

ಮುಂದಿನ ಹೆಜ್ಜೆ 1956ರದು. ಆ ವರ್ಷ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾಗಿ ನಮ್ಮ ಊರುಗಳ ನಡುವೆ ಗೆರೆ ಬಿತ್ತು. ಅದೇ ವರ್ಷ ಸಂಸತ್ತು ಮಾಡಿದ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು ಹುಟ್ಟಿದವು. ಸಿವಿಲ್ ದಾವೆಯ ಉದ್ದ ದಾರಿ ಬಿಟ್ಟು, ಅರ್ಜಿಯ ಮೇಲೆ ವಿಚಾರಣೆ ನಡೆಸುವ ಪದ್ಧತಿ ಬಂತು. ಆದರೆ ಒಂದು ಷರತ್ತು: ಅಪಘಾತ ಎಲ್ಲಿ ಆಯಿತೋ ಆ ಪ್ರದೇಶದ ನ್ಯಾಯಮಂಡಳಿಗೇ ಅರ್ಜಿ ಹಾಕಬೇಕು. ಅದೂ 60 ದಿನಗಳೊಳಗೆ.

ದೊಡ್ಡ ರಾಜ್ಯದ ಒಳಗಿರುವವನಿಗೆ ಇದು ಸಣ್ಣ ತೊಂದರೆ. ನಮಗೆ ಹಾಗಲ್ಲ. ಜತ್ತಿನ ರೈತ ಆಗಿನ ಬಿಜಾಪುರದ ರಸ್ತೆಯಲ್ಲಿ ಬಿದ್ದರೆ ಕರ್ನಾಟಕದ ಕೋರ್ಟಿಗೆ ಅಲೆಯಬೇಕು. ಕರ್ನಾಟಕದ ಹಳ್ಳಿಯವನು ಅಕ್ಕಲಕೋಟೆಯ ಹತ್ತಿರ ಬಿದ್ದರೆ ಮರಾಠಿಯ ಕಾಗದಗಳ ನಡುವೆ ನಿಲ್ಲಬೇಕು. ಪ್ರತಿ ವಾಯಿದೆಗೂ ಬಸ್ಸಿನ ಖರ್ಚು, ಊರುಗೋಲು ಹಿಡಿದವನ ಜೊತೆಗೊಬ್ಬ ಆಳು, ಆ ದಿನದ ಕೂಲಿ ನಷ್ಟ. ಪರಿಹಾರದ ಕಾನೂನು ಇದ್ದೂ ಅನೇಕರಿಗೆ ಅದು ಕೈಗೆಟುಕದ ಕೊಂಬೆಯ ಹಣ್ಣಾಗಿತ್ತು. ಅರ್ಜಿಯ ಗಡುವನ್ನು 1969ರ ತಿದ್ದುಪಡಿ ಆರು ತಿಂಗಳಿಗೆ ಏರಿಸಿತು. ಆದರೆ ಸ್ಥಳದ ಷರತ್ತು ಹಾಗೆಯೇ ಉಳಿಯಿತು.

ತಪ್ಪು ಯಾರದೆಂಬ ಪ್ರಶ್ನೆಯೂ ಕಾಡುತ್ತಿತ್ತು. ಚಾಲಕನ ಅಲಕ್ಷ್ಯ ರುಜುವಾತಾಗದೆ ಪರಿಹಾರವಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 1982ರ ತಿದ್ದುಪಡಿ ಇದನ್ನು ಸ್ವಲ್ಪ ಸಡಿಲಿಸಿತು. ತಪ್ಪನ್ನು ವಿಚಾರಿಸದೆಯೇ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವಿಕಲತೆಗೆ 7,500 ರೂಪಾಯಿ ಕೊಡಬೇಕೆಂದಾಯಿತು. 1988ರ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಈ ಮೊತ್ತಗಳು 25,000 ಮತ್ತು 12,000 ಆದವು.

ಗಡಿಯವರ ಪಾಲಿಗೆ ಬಾಗಿಲು ತೆರೆದದ್ದು 1994ರಲ್ಲಿ. ಆ ವರ್ಷದ ನವೆಂಬರ್ 14ರಂದು ಜಾರಿಯಾದ ತಿದ್ದುಪಡಿಯ ಪ್ರಕಾರ ಅರ್ಜಿದಾರ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಅಪಘಾತವಾದ ಸ್ಥಳದ ನ್ಯಾಯಮಂಡಳಿ, ತಾನು ವಾಸಿಸುವ ಅಥವಾ ವ್ಯವಹಾರ ಮಾಡುವ ಸ್ಥಳದ್ದು, ಇಲ್ಲವೇ ಎದುರುದಾರ ಇರುವ ಸ್ಥಳದ್ದು. ಅಂದರೆ ಗೆರೆಯಾಚೆ ಬಿದ್ದವನು ಗೆರೆಯೀಚೆ, ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. 1956ರಲ್ಲಿ ಎದ್ದ ಗೋಡೆ ಕೆಳಗಿಳಿಯಲು 38 ವರ್ಷ ಬೇಕಾಯಿತು. ಈ ಹಕ್ಕು ಇಂದಿಗೂ ಇದೆ. ಆದರೂ "ಅಲ್ಲಿ ಆದದ್ದಕ್ಕೆ ಅಲ್ಲಿಗೇ ಹೋಗಬೇಕು" ಎಂದು ಕೈಚೆಲ್ಲಿ ಕೂರುವವರಿದ್ದಾರೆ. ಹಾಗೆ ಕೂರಬೇಡಿ.

1994ರಲ್ಲಿ ಕಾಲದ ಗಡುವನ್ನೂ ತೆಗೆದುಹಾಕಿದ್ದರು. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವನ್ನು ಮತ್ತೆ ತಂದಿತು. ಇದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಏನೇ ಆಗಲಿ, ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಜಾಣತನ. ಅದೇ ತಿದ್ದುಪಡಿಯಿಂದ, ತಪ್ಪನ್ನು ರುಜುವಾತು ಮಾಡದೆ ಪಡೆಯುವ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷವಾಗಿದೆ. ಆದರೆ ಎಚ್ಚರ. ಈ ಮೊತ್ತವನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಮಂಡಳಿಯಲ್ಲಿರುವ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಕಾಲು ಕಳೆದುಕೊಂಡ ಮೂವತ್ತರ ಕೂಲಿಯವನಿಗೆ ಮುಂದಿನ ದುಡಿಮೆಯ ಲೆಕ್ಕ ಹಾಕಿದರೆ ಇದಕ್ಕಿಂತ ಬಹಳ ಹೆಚ್ಚು ಬರಬಹುದು. ವಕೀಲರನ್ನು ಕೇಳದೆ ಸಹಿ ಮಾಡಬೇಡಿ.

ಗುದ್ದಿದ ವಾಹನ ನಿಲ್ಲದೆ ಓಡಿಹೋಗಿ, ಪತ್ತೆಯಾಗದಿದ್ದರೆ ಬೇರೆ ದಾರಿ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದೆ. ಇದನ್ನು ಮಾತ್ರ ಅಪಘಾತವಾದ ತಾಲೂಕಿನ ಕಂದಾಯ ಅಧಿಕಾರಿಗಳಲ್ಲಿಯೇ ಕೇಳಬೇಕು. ಇಲ್ಲಿ ಹಳೆಯ ಗೆರೆ ಇನ್ನೂ ಅಳಿಸಿಲ್ಲ.

ಸೈಕಲ್ಲಿಗೆ ದೀಪವಿರಲಿಲ್ಲ, ಸವಾರ ಅಡ್ಡ ಬಂದ ಎಂಬ ವಾದ ಪ್ರತಿ ಮೊಕದ್ದಮೆಯಲ್ಲೂ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆ ಕೊರತೆಯಿಂದಲೇ ಅಪಘಾತವಾಯಿತೇ ಎಂದು ನ್ಯಾಯಮಂಡಳಿ ನೋಡುತ್ತದೆ. ಸವಾರನ ಪಾಲೂ ಇದ್ದರೆ ಅಷ್ಟು ಭಾಗ ಕಡಿತವಾದೀತು. ಉಳಿದದ್ದು ಅವನಿಗೆ ಸಲ್ಲುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವನಾದ್ದರಿಂದ ಹಣ ಬಂದ ಮೇಲಿನ ಮಾತನ್ನೂ ಹೇಳುತ್ತೇನೆ. ಕೇರಳದ ಸಾರಿಗೆ ಸಂಸ್ಥೆ ಮತ್ತು ಸೂಸಮ್ಮ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ, 1994ರ ವರದಿಗಳಲ್ಲಿ ಅಚ್ಚಾದ ತೀರ್ಪಿನಂತೆ, ಮಕ್ಕಳ ಮತ್ತು ಓದುಬರಹ ಬಾರದವರ ಪರಿಹಾರವನ್ನು ಮುದ್ದತ್ತು ಠೇವಣಿಯಲ್ಲಿಡುವ ಪದ್ಧತಿ ಬಂತು. ಆ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುವಂತಿಲ್ಲ. "ನನ್ನದೇ ದುಡ್ಡು, ಸಾಲ ಯಾಕಿಲ್ಲ?" ಎಂದು ಬೇಸರಪಟ್ಟವರನ್ನು ಕಂಡಿದ್ದೇನೆ. ಆದರೆ ಸಂತಾಪ ಹೇಳಲು ಬಂದ ನೆಂಟರೇ ಸಾಲ ಕೇಳಲು ನಿಲ್ಲುವ ಲೋಕವಿದು. ಬಡ್ಡಿ ತಿಂಗಳಿಗೊಮ್ಮೆ ಕೈಸೇರುವಂತೆ ಕೇಳಿಕೊಳ್ಳಿ. ಚಿಕಿತ್ಸೆಗೋ ಇನ್ನಾವ ತುರ್ತಿಗೋ ಬೇಕಾದರೆ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಅಸಲು ಬಿಡಿಸಿಕೊಳ್ಳಬಹುದು.

ವಕೀಲರ ಫೀಸಿಗೆ ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಇದೆ. ಜಾರಿಯಾದದ್ದು 1995ರ ನವೆಂಬರ್ 9ರಂದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇದರಂತೆ ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲೂಕು ಕೋರ್ಟಿನ ಆವರಣದಲ್ಲಿಯೇ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಬೇಗ ಮುಗಿಯುತ್ತದೆ, ಆದರೆ ಅದರ ಮೇಲೆ ಅಪೀಲಿಲ್ಲ. ಮೊತ್ತ ಒಪ್ಪಿಗೆಯಾದರೆ ಮಾತ್ರ ಒಪ್ಪಿ.

ಇಷ್ಟಕ್ಕೆಲ್ಲ ಬುಡ ಮೊದಲ ದಿನದ ಕಾಗದ. ವಾಹನದ ನಂಬರು ಬರೆದಿಟ್ಟುಕೊಳ್ಳಿ. ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಘಟನೆ ಬೇರೆ ಠಾಣೆಯ ಸರಹದ್ದಿನದೆಂಬ ಕಾರಣಕ್ಕೆ ಹಿಂದಕ್ಕೆ ಕಳಿಸುವಂತಿಲ್ಲವೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಗಾಯವಾದದ್ದು ವಾಹನ ಬಡಿದು ಎಂದೇ ಬರೆಸಿ. ಔಷಧಿಯ ಚೀಟಿಯನ್ನೂ ಬಿಸಾಡಬೇಡಿ. ಯಾವ ಭಾಷೆಯಲ್ಲಿದ್ದರೂ ಕಾಗದ ಕಾಗದವೇ.