ಎಸ್ಕೊರಿಯಲ್‌ನ ಸೆರೆಯಲ್ಲಿ ಸುಲ್ತಾನನ ಗ್ರಂಥಾಲಯ

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಿಂದ ವಾಯುವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಗ್ವಾದರ್ರಾಮ ಪರ್ವತದ ತಪ್ಪಲಲ್ಲಿ, ಬೂದು ಗ್ರಾನೈಟ್ ಕಲ್ಲಿನ ಒಂದು ಬೃಹತ್ ಕಟ್ಟಡವಿದೆ. ಅರಮನೆ, ಸನ್ಯಾಸಿಗಳ ಮಠ, ಇಗರ್ಜಿ, ರಾಜರ ಸಮಾಧಿ, ಗ್ರಂಥಾಲಯ ಎಲ್ಲವೂ ಅಲ್ಲಿ ಒಂದೇ ಗೋಡೆಯೊಳಗಿವೆ. ಎರಡನೆಯ ಫಿಲಿಪ್ ದೊರೆ 1563ರಲ್ಲಿ ಕೆಲಸ ಆರಂಭಿಸಿ 1584ರಲ್ಲಿ ಮುಗಿಸಿದ ಈ ಕಟ್ಟಡದ ಹೆಸರು ಎಸ್ಕೊರಿಯಲ್. ಕ್ಯಾಥೊಲಿಕ್ ಸ್ಪೇನ್ ತನ್ನ ಅಧಿಕಾರದ ಉತ್ತುಂಗದಲ್ಲಿದ್ದಾಗ ಜಗತ್ತಿಗೆ ತೋರಿಸಲೆಂದೇ ಎತ್ತಿ ನಿಲ್ಲಿಸಿದ ಕಲ್ಲಿನ ಘೋಷಣೆ ಅದು. ಇಂತಹ ಕಟ್ಟಡದೊಳಗೆ ಮೊರೊಕ್ಕೊದ ಮುಸ್ಲಿಮ್ ಸುಲ್ತಾನರ ಗ್ರಂಥಾಲಯವೊಂದು ನಾಲ್ಕು ಶತಮಾನಗಳಿಂದ ನೆಲೆಸಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅಂದುಲುಸ್ ಎಂದೊಡನೆ ನಮ್ಮ ಉಪನ್ಯಾಸಕಾರರು ಕೊರ್ಡೋವಾದ ಖಲೀಫರ ಗ್ರಂಥಗಳ ಲೆಕ್ಕ ಹೇಳುತ್ತಾರೆ, ಗ್ರಾನಡಾದ ಪತನಕ್ಕೆ ಕಣ್ಣೀರಿಡುತ್ತಾರೆ. ಅಲ್ಲಿಗೆ ಕತೆ ಮುಗಿಯುತ್ತದೆ. ನಾವು ಹೇಳಹೊರಟಿರುವುದು ಅದರ ನಂತರದ ಕತೆಯನ್ನು.

ಮೊದಲು ಸ್ಪೇನಿನ ಆಗಿನ ಸ್ಥಿತಿಯನ್ನು ನೋಡೋಣ. 1492ರಲ್ಲಿ ಗ್ರಾನಡಾ ಶರಣಾದಾಗ ಅಲ್ಲಿನ ಮುಸ್ಲಿಮರಿಗೆ ಧರ್ಮ, ಭಾಷೆ, ಆಚಾರಗಳ ರಕ್ಷಣೆಯ ಲಿಖಿತ ಭರವಸೆ ನೀಡಲಾಗಿತ್ತು. ಹತ್ತು ವರ್ಷವೂ ಅದು ಬಾಳಲಿಲ್ಲ. ಕಾರ್ಡಿನಲ್ ಸಿಸ್ನೆರೊಸ್‌ನ ಆಜ್ಞೆಯಂತೆ ಗ್ರಾನಡಾದ ಬಾಬುರ್ರಮ್ಲ ಚೌಕದಲ್ಲಿ ಅರಬಿ ಗ್ರಂಥಗಳನ್ನು ರಾಶಿ ಹಾಕಿ ಸುಡಲಾಯಿತು. ವೈದ್ಯಕೀಯ ಗ್ರಂಥಗಳನ್ನು ಮಾತ್ರ ಬದಿಗಿರಿಸಿ ಉಳಿಸಿಕೊಂಡರು. ಧರ್ಮ ಬೇಡ, ಭಾಷೆ ಬೇಡ, ಮನುಷ್ಯರೂ ಬೇಡ, ಮದ್ದು ಮಾತ್ರ ಬೇಕು! ಮುಂದೆ ಮುಸ್ಲಿಮರನ್ನು ಬಲವಂತವಾಗಿ ಕ್ರೈಸ್ತರನ್ನಾಗಿಸಲಾಯಿತು. ಹಾಗೆ ಮತಾಂತರಗೊಂಡವರನ್ನು ಮೊರಿಸ್ಕೊಗಳೆಂದು ಕರೆದರು. 1567ರ ರಾಜಾಜ್ಞೆ ಅವರು ಅರಬಿ ಮಾತಾಡುವುದನ್ನೂ ಬರೆಯುವುದನ್ನೂ ನಿಷೇಧಿಸಿತು. ಕ್ಯಾಸ್ಟಿಲಿಯನ್ ಭಾಷೆ ಕಲಿಯಲು ಮೂರು ವರ್ಷಗಳ ಗಡುವು ಕೊಟ್ಟಿತು. ಮನೆಯಲ್ಲಿ ಅರಬಿಯ ಒಂದು ಹಾಳೆ ಸಿಕ್ಕರೂ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾದ ದಿನಗಳವು.

ವಿಚಿತ್ರವೆಂದರೆ, ಈ ಆಜ್ಞೆ ಹೊರಡಿಸಿದ ಎರಡನೆಯ ಫಿಲಿಪ್‌ನೇ ತನ್ನ ಹೊಸ ಗ್ರಂಥಾಲಯಕ್ಕೆ ಅರಬಿ ಹಸ್ತಪ್ರತಿಗಳನ್ನು ಹುಡುಕಿಸುತ್ತಿದ್ದ. ಅವನ ಗ್ರಂಥಪಾಲಕ ಅರಿಯಾಸ್ ಮೊಂತಾನೊ ಅರಬಿ ಬಲ್ಲ ವಿದ್ವಾಂಸ. ಗ್ರಾನಡಾದ ಮೊರಿಸ್ಕೊ ವೈದ್ಯ ಅಲೊನ್ಸೊ ದೆಲ್ ಕಾಸ್ತಿಲ್ಯೊ ಎಂಬವನನ್ನು 1570ರ ದಶಕದಲ್ಲಿ ಕರೆಸಿ ಎಸ್ಕೊರಿಯಲ್‌ನ ಅರಬಿ ಗ್ರಂಥಗಳ ಪಟ್ಟಿ ಮಾಡಿಸಲಾಯಿತು. ತನ್ನ ಜನರಿಗೆ ಅಪರಾಧವಾಗಿದ್ದ ಓದನ್ನು ಅವನು ದೊರೆಗಾಗಿ ಓದಬೇಕಾಯಿತು. ಸಾಮಾನ್ಯನ ಮನೆಯಲ್ಲಿ ಪಾಪವಾದದ್ದು ದೊರೆಯ ಕಪಾಟಿನಲ್ಲಿ ಭೂಷಣವಾಗುವ ಈ ನ್ಯಾಯ ಸ್ಪೇನಿಗೆ ಮಾತ್ರ ಸೀಮಿತವಾದುದಲ್ಲ.

ಇನ್ನು ಮೊರೊಕ್ಕೊಗೆ ಬರೋಣ. ಅಲ್ಲಿ ಆಗ ಸಅದಿ ವಂಶದ ಆಳ್ವಿಕೆ. 1578ರಲ್ಲಿ ವಾದಿಲ್ ಮಖಾಝಿನ್ ಎಂಬಲ್ಲಿ ಪೋರ್ಚುಗಲ್‌ನ ದಂಡನ್ನು ಸೋಲಿಸಿದ ಯುದ್ಧದ ನಂತರ ಪಟ್ಟಕ್ಕೇರಿದ ಸುಲ್ತಾನ್ ಅಹ್ಮದ್ ಮನ್ಸೂರ್ ಗ್ರಂಥಪ್ರೇಮಿ. ಮರ್ರಾಕಿಶ್‌ನ ತನ್ನ ಅರಮನೆಯಲ್ಲಿ ಅವನು ದೊಡ್ಡ ಗ್ರಂಥಾಲಯವನ್ನೇ ಕಟ್ಟಿದ. ಆದರೆ ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಬಾರದು. 1591ರಲ್ಲಿ ಇದೇ ಮನ್ಸೂರನ ಸೈನ್ಯ ಸಹಾರಾ ಮರುಭೂಮಿ ದಾಟಿ ಸೊಂಘಾಯ್ ಎಂಬ ಮುಸ್ಲಿಮ್ ರಾಜ್ಯವನ್ನು ನಾಶ ಮಾಡಿತು. ತಿಂಬುಕ್ತುವಿನ ಮಹಾ ವಿದ್ವಾಂಸ ಅಹ್ಮದ್ ಬಾಬಾರನ್ನು ಬಂಧುಬಳಗದೊಂದಿಗೆ ಸೆರೆಹಿಡಿದು ಮರ್ರಾಕಿಶ್‌ಗೆ ತಂದರು. ತಮ್ಮ 1600 ಗ್ರಂಥಗಳು ಲೂಟಿಯಾದುವೆಂದೂ ತಮ್ಮ ಬಂಧುಗಳ ಪೈಕಿ ತಮ್ಮದೇ ಅತ್ಯಂತ ಚಿಕ್ಕ ಸಂಗ್ರಹವಾಗಿತ್ತೆಂದೂ ಅವರು ಹೇಳಿಕೊಂಡದ್ದು ದಾಖಲಾಗಿದೆ. ಅವರಿಗೆ ಊರಿಗೆ ಮರಳುವ ಅನುಮತಿ ಸಿಕ್ಕಿದ್ದು 1608ರಲ್ಲಿ, ಮನ್ಸೂರನ ಮಗ ಮೌಲಾಯ್ ಝೈದಾನ್‌ನ ಕಾಲದಲ್ಲಿ. ಗ್ರಂಥ ಕಳೆದುಕೊಂಡ ವಿದ್ವಾಂಸನನ್ನು ಬಿಡುಗಡೆ ಮಾಡಿದ ಅದೇ ಝೈದಾನ್ ನಾಲ್ಕೇ ವರ್ಷಗಳಲ್ಲಿ ತಾನೇ ಗ್ರಂಥ ಕಳೆದುಕೊಂಡವನಾದ.

1603ರಲ್ಲಿ ಮನ್ಸೂರ್ ತೀರಿಕೊಂಡ ಮೇಲೆ ಮಕ್ಕಳೊಳಗೆ ಪಟ್ಟಕ್ಕಾಗಿ ಕಾದಾಟ ಶುರುವಾಯಿತು. ಒಬ್ಬ ಮಗನಂತೂ ಸ್ಪೇನಿನ ಸಹಾಯ ಪಡೆಯಲು 1610ರಲ್ಲಿ ಲರಾಶ್ ಬಂದರನ್ನೇ ಬಿಟ್ಟುಕೊಟ್ಟ. ಈ ಗೊಂದಲದ ನಡುವೆ ತಾನೇ ಮಹ್ದಿ ಎಂದು ಸಾರಿಕೊಂಡ ಅಬೂ ಮಹಲ್ಲಿ ಎಂಬವನು 1612ರಲ್ಲಿ ಮರ್ರಾಕಿಶ್‌ಗೆ ನುಗ್ಗಿದ. ಝೈದಾನ್ ಸಫಿ ಬಂದರಿಗೆ ಓಡಿ, ಅಲ್ಲಿಂದ ದಕ್ಷಿಣದ ಅಗಾದಿರ್‌ಗೆ ಸಾಮಾನು ಸಾಗಿಸಲು ಕಾಸ್ತೆಲಾನ್ ಎಂಬ ಫ್ರೆಂಚ್ ಕಪ್ತಾನನ ಹಡಗನ್ನು ಬಾಡಿಗೆಗೆ ಗೊತ್ತುಮಾಡಿದ. ಬೆಲೆಬಾಳುವ ಸಾಮಾನುಗಳೊಂದಿಗೆ ಹಡಗಿಗೇರಿದ್ದು ಸುಮಾರು 4000 ಗ್ರಂಥಗಳು. ರಾಜ್ಯ ಬಿಟ್ಟು ಓಡುವ ದೊರೆ ಗ್ರಂಥಾಲಯವನ್ನೂ ಹೊತ್ತುಕೊಂಡು ಹೋಗುತ್ತಾನೆಂದರೆ ಅದರ ಬೆಲೆ ಅವನಿಗೆ ಗೊತ್ತಿತ್ತೆಂದೇ ಅರ್ಥ. ಗೊತ್ತಿಲ್ಲದಿದ್ದುದು ಬಾಡಿಗೆ ಬಾಕಿಯ ಬೆಲೆ! ಅಗಾದಿರ್ ತಲುಪಿದರೂ ಒಪ್ಪಿದ ಹಣ ಕೈಗೆ ಬರಲಿಲ್ಲ. ಕೆಲವು ದಿನ ಕಾದ ಕಪ್ತಾನ ಸಾಮಾನನ್ನು ಇಳಿಸದೆಯೇ ಲಂಗರು ಕಿತ್ತು ತನ್ನ ದೇಶದತ್ತ ಹೊರಟ. ಸಲಾ ಪಟ್ಟಣದ ಸಮುದ್ರದಲ್ಲಿ ಸ್ಪೇನಿನ ಯುದ್ಧನೌಕೆಗಳು ಆ ಹಡಗನ್ನು ಹಿಡಿದವು. ಹೀಗೆ ಎರಡು ಮೂರು ತಲೆಮಾರುಗಳ ವಿದ್ಯಾಸಂಪತ್ತು ಒಂದು ಹಡಗಿನ ಬಾಡಿಗೆಯ ಜಗಳದಲ್ಲಿ ಕೈತಪ್ಪಿಹೋಯಿತು.

ಆಗ ಸ್ಪೇನಿನ ಸಿಂಹಾಸನದಲ್ಲಿದ್ದವನು ಮೂರನೆಯ ಫಿಲಿಪ್. 1609ರಿಂದ 1614ರವರೆಗೆ ಮೊರಿಸ್ಕೊಗಳನ್ನು, ಸುಮಾರು ಮೂರು ಲಕ್ಷ ಜನರನ್ನು, ದೇಶದಿಂದಲೇ ಹೊರಹಾಕಿದವನು ಇವನೇ. ಹಡಗು ಸಿಕ್ಕಿಬಿದ್ದದ್ದು 1612ರಲ್ಲಿ. ಗ್ರಂಥಗಳು ಎಸ್ಕೊರಿಯಲ್ ಸೇರಿದ್ದು 1614ರಲ್ಲಿ. ಈ ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಾವು ಓದುಗರಲ್ಲಿ ಕೇಳಿಕೊಳ್ಳುತ್ತೇವೆ. ಅರಬಿ ಪೂರ್ವಜರ ಮಕ್ಕಳು ಹಡಗು ಹತ್ತಿ ಸ್ಪೇನ್ ಬಿಟ್ಟು ಹೋಗುತ್ತಿದ್ದಾರೆ, ಅರಬಿ ಗ್ರಂಥಗಳು ಹಡಗು ಇಳಿದು ಸ್ಪೇನ್‌ಗೆ ಬರುತ್ತಿವೆ! ಓದಬಲ್ಲವರನ್ನು ಅಟ್ಟಿದ ದೇಶಕ್ಕೆ ಓದಬೇಕಾದ ಗ್ರಂಥಗಳು ಬಂದು ಸೇರಿದವು.

ಎಸ್ಕೊರಿಯಲ್ ಗ್ರಂಥಾಲಯದ ಮುಖ್ಯ ಸಭಾಂಗಣ 54 ಮೀಟರ್ ಉದ್ದದ್ದು. ಅದರ ಕಮಾನು ಛಾವಣಿಯಲ್ಲಿ ವ್ಯಾಕರಣ, ತರ್ಕ, ಗಣಿತ, ಖಗೋಳ ಮೊದಲಾದ ವಿದ್ಯೆಗಳ ವರ್ಣಚಿತ್ರಗಳಿವೆ. ಕಪಾಟುಗಳಲ್ಲಿ ಪುಸ್ತಕಗಳ ಬೆನ್ನು ಒಳಕ್ಕೆ, ಚಿನ್ನದ ಲೇಪ ಹಾಕಿದ ಹಾಳೆಯಂಚು ಹೊರಕ್ಕೆ. ನೋಡಲು ಇಡೀ ಗೋಡೆ ಚಿನ್ನದಂತೆ ಹೊಳೆಯುತ್ತದೆ. ಹೆಸರು ನೋಡಿ ಪುಸ್ತಕ ತೆಗೆಯುವವನಿಗೆ ಮಾತ್ರ ಕಷ್ಟ. ಈ ವೈಭವ ಸುಲ್ತಾನನ ಗ್ರಂಥಗಳ ಪಾಲಿಗೆ ಬರಲಿಲ್ಲ, ಅವುಗಳನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಅರಬಿ ದೇಶಗಳಲ್ಲಿ ಗ್ರಂಥಗಳನ್ನು ಅಡ್ಡಲಾಗಿ ಮಲಗಿಸಿ ಒಂದರ ಮೇಲೊಂದು ಇಡುವುದು, ಕೆಳಗಿನ ಅಂಚಿನಲ್ಲಿ ಹೆಸರು ಬರೆಯುವುದು ರೂಢಿ. ಹಾಗೆ ಬದುಕಿದ್ದ ಗ್ರಂಥಗಳು ಪರದೇಶದ ಮಠದಲ್ಲಿ ತಮ್ಮನ್ನು ಓದಲಾರದ ಸನ್ಯಾಸಿಗಳ ಉಸ್ತುವಾರಿಗೆ ಬಂದವು. ಅರಮನೆಯ ದುಭಾಷಿಯೊಬ್ಬ ಅವುಗಳನ್ನು ನೋಡಿ ವಿಂಗಡಿಸಿದ್ದನೆಂಬುದು ನಿಜ. ಆದರೆ ಸಂಗ್ರಹವೊಂದು ನೆಲೆಗೊಳ್ಳುವುದೆಂದರೆ ಅದನ್ನು ಹುಡುಕಿಕೊಂಡು ಬರುವ ಜನರೂ ಇರಬೇಕಲ್ಲವೇ? ಅಂತಹವರು ಬರಲು ಇನ್ನೂ ನೂರಾರು ವರ್ಷ ಬೇಕಾಯಿತು.

ಝೈದಾನ್ ಸುಮ್ಮನಿರಲಿಲ್ಲ. ಗ್ರಂಥಗಳಿಗೆ ಬದಲಾಗಿ ಭಾರೀ ಮೊತ್ತ ಕೊಡಲು ಮುಂದಾದ. ಸ್ಪೇನ್ ಕೇಳಿದ್ದು ಹಣವನ್ನಲ್ಲ, ಮೊರೊಕ್ಕೊದಲ್ಲಿದ್ದ ಸ್ಪೇನಿನ ಬಂದಿಗಳ ಬಿಡುಗಡೆಯನ್ನು. ಅದು ಕೈಗೂಡಲಿಲ್ಲ. 1627ರಲ್ಲಿ ಝೈದಾನ್ ಕಣ್ಣುಮುಚ್ಚಿದ. ಗ್ರಂಥಗಳು ಅಲ್ಲಿಂದ ಮುಂದೆ ಜ್ಞಾನದ ವಸ್ತುಗಳಾಗಿ ಉಳಿಯದೆ ಒತ್ತೆಯಾಳುಗಳಾದವು.

1671ರ ಜೂನ್ 7ರಂದು ಎಸ್ಕೊರಿಯಲ್‌ಗೆ ಬೆಂಕಿ ಬಿತ್ತು. ಎರಡು ವಾರ ಉರಿದ ಆ ಬೆಂಕಿಯಲ್ಲಿ ಸುಮಾರು 2500 ಅರಬಿ ಹಸ್ತಪ್ರತಿಗಳು ಬೂದಿಯಾದವು. ಉಳಿದದ್ದು ಎರಡು ಸಾವಿರಕ್ಕೂ ಕಡಿಮೆ. ಸಂತ ಲೊರೆಂಜೊನನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದರೆಂಬುದು ಕ್ರೈಸ್ತರ ನಂಬಿಕೆ; ಆ ಜಾಲರಿಯೇ ಈ ಗ್ರಂಥಾಲಯದ ಪುಸ್ತಕಗಳ ರಟ್ಟಿನ ಮೇಲೆ ಒತ್ತುವ ಗುರುತು. ಗ್ರಾನಡಾದ ಬೆಂಕಿ ಉದ್ದೇಶಪೂರ್ವಕವಾದದ್ದು, ಇದು ಆಕಸ್ಮಿಕ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸಂಗ್ರಹವನ್ನು ಒಂದೇ ಕಡೆ ಕೂಡಿಟ್ಟು, ನಕಲು ಮಾಡಿಸದೆ, ಯಾರಿಗೂ ಓದಿಸದೆ ಇಟ್ಟುಕೊಂಡದ್ದರ ಫಲ ಮಾತ್ರ ಸ್ಪೇನಿನ ಲೆಕ್ಕಕ್ಕೇ ಸೇರಬೇಕು. ಕೈಬರಹದ ಯುಗದಲ್ಲಿ ಗ್ರಂಥ ಬದುಕುವುದು ನಕಲುಗಾರರಿಂದ. ಮರ್ರಾಕಿಶ್‌ನಲ್ಲಿ ಉಳಿದಿದ್ದರೆ ಅವುಗಳಲ್ಲಿ ಕೆಲವಾದರೂ ನಕಲಾಗಿ ಊರೂರಿಗೆ ಹರಡುತ್ತಿದ್ದವು.

ಇಪ್ಪತ್ತು ವರ್ಷಗಳ ಮೇಲೆ ಮೊರೊಕ್ಕೊ ಮತ್ತೆ ಬಾಗಿಲು ತಟ್ಟಿತು. ಸುಲ್ತಾನ್ ಮೌಲಾಯ್ ಇಸ್ಮಾಈಲ್ 1689ರಲ್ಲಿ ಲರಾಶ್ ಬಂದರನ್ನು ಮರಳಿ ಗೆದ್ದು ಸ್ಪೇನಿನ ಸೈನಿಕರನ್ನು ಸೆರೆಹಿಡಿದಿದ್ದ. ಅವನ ರಾಯಭಾರಿ ಮುಹಮ್ಮದ್ ಗಸ್ಸಾನಿ 1690-91ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಮುಂದಿಟ್ಟ ಬೇಡಿಕೆ ಇದು: ನೂರು ಮಂದಿ ಸ್ಪೇನಿನ ಬಂದಿಗಳಿಗೆ ಪ್ರತಿಯಾಗಿ 500 ಮುಸ್ಲಿಮ್ ಬಂದಿಗಳು ಮತ್ತು 5000 ಗ್ರಂಥಗಳು. ಗ್ರಂಥಗಳು ಸುಟ್ಟುಹೋದವೆಂಬ ಉತ್ತರ ಬಂತು. ಹಾಗಾದರೆ ಗ್ರಂಥಗಳ ಬದಲು ಇನ್ನೂ 500 ಬಂದಿಗಳನ್ನು ಕೊಡಿ ಎಂದಾಯಿತು. ಇಸ್ಮಾಈಲ್‌ನ ಕ್ರೌರ್ಯದ ಬಗ್ಗೆ ಚರಿತ್ರೆಯಲ್ಲಿ ಬೇಕಾದಷ್ಟಿದೆ, ಅವನನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ವಿನಿಮಯದಲ್ಲಿ ಅವನು ತಪ್ಪು ಮಾಡಲಿಲ್ಲವೆಂದೇ ನಮ್ಮ ಅಭಿಪ್ರಾಯ. ಸ್ಪೇನಿನ ಹಡಗುಗಳಲ್ಲಿ ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕುತ್ತಿದ್ದ ಮನುಷ್ಯನ ಮುಂದೆ, ಎಷ್ಟೇ ಅಮೂಲ್ಯವಾದರೂ, ಗ್ರಂಥ ಎರಡನೆಯದೇ. ಗಸ್ಸಾನಿ ಬರೆದ ಪ್ರವಾಸ ಕಥನದ ಶೀರ್ಷಿಕೆಯಲ್ಲೂ ಇರುವುದು ಬಂದಿಗಳ ಬಿಡುಗಡೆಯ ಮಾತೇ. ಮುಂದಿನ ಶತಮಾನದಲ್ಲಿ ಬಂದ ಮೊರೊಕ್ಕೊದ ರಾಯಭಾರಿಗಳೂ ಎಸ್ಕೊರಿಯಲ್‌ನ ಗ್ರಂಥಗಳನ್ನು ಕಂಡು ತಮ್ಮ ಕಥನಗಳಲ್ಲಿ ಬರೆದಿದ್ದಾರೆ.

ಕಪಾಟಿನ ಬೀಗ ಕೊನೆಗೂ ತೆರೆದದ್ದು ಒಬ್ಬ ಅರಬನ ಕೈಯಿಂದಲೇ. ಲೆಬನಾನ್‌ನ ತ್ರಿಪೊಲಿಯಲ್ಲಿ ಹುಟ್ಟಿದ ಮಾರೊನೈಟ್ ಕ್ರೈಸ್ತ ಪಾದ್ರಿ ಮೀಖಾಈಲ್ ಗಝೀರಿ, ಸ್ಪೇನಿಗರ ಬಾಯಲ್ಲಿ ಮಿಗೆಲ್ ಕಸೀರಿ, 1748ರಲ್ಲಿ ಸ್ಪೇನ್‌ಗೆ ಬಂದ. 1760 ಮತ್ತು 1770ರಲ್ಲಿ ಅವನು ಲ್ಯಾಟಿನ್‌ನಲ್ಲಿ ಎರಡು ಸಂಪುಟಗಳ ಸೂಚಿಯನ್ನು ಪ್ರಕಟಿಸಿದ. ಅದರಲ್ಲಿ 1851 ಹಸ್ತಪ್ರತಿಗಳ ವಿವರವಿದೆ. ಅವನ ಕೆಲಸದಲ್ಲಿ ದೋಷಗಳು ಸಾಕಷ್ಟಿವೆ ಎಂದು ನಂತರದ ವಿದ್ವಾಂಸರು ಹೇಳಿದ್ದಾರೆ. ಇರಲಿ. ಅಂದುಲುಸ್‌ನ ಚರಿತ್ರೆಯನ್ನು ಅರಬಿ ಮೂಲಗಳಿಂದ ಬರೆಯಲು ಸಾಧ್ಯವೆಂಬ ಅರಿವು ಯೂರೋಪಿಗೆ ಬಂದದ್ದು ಬಹುಮಟ್ಟಿಗೆ ಆ ಸಂಪುಟಗಳಿಂದ. ಸೆವಿಲ್‌ನ ಇಬ್ನುಲ್ ಅವ್ವಾಮ್ 12ನೇ ಶತಮಾನದಲ್ಲಿ ಬರೆದ ಕೃಷಿ ಗ್ರಂಥ ಇಲ್ಲಿನ ಪ್ರತಿಯಿಂದಲೇ 1802ರಲ್ಲಿ ಸ್ಪ್ಯಾನಿಶ್ ಅನುವಾದದೊಂದಿಗೆ ಮುದ್ರಣಗೊಂಡಿತು. ಆರು ಶತಮಾನಗಳ ಹಿಂದೆ ತಮ್ಮದೇ ನೆಲದಲ್ಲಿ ನೀರಾವರಿ, ಗೊಬ್ಬರ, ಕಸಿ ಕಟ್ಟುವಿಕೆಯ ಬಗ್ಗೆ ಬರೆದಿಟ್ಟದ್ದನ್ನು ಸ್ಪೇನಿಗರು ಹೊಸ ವಿದ್ಯೆಯಂತೆ ಓದಿದರು. ಶಿಲುಬೆ ಯುದ್ಧಗಳ ಕಾಲದ ಸಿರಿಯಾದ ಸರದಾರ ಉಸಾಮ ಇಬ್ನ್ ಮುನ್ಕಿಝ್‌ನ ಆತ್ಮಕಥೆಯ ಏಕೈಕ ಹಸ್ತಪ್ರತಿಯನ್ನು 1880ರಲ್ಲಿ ಫ್ರೆಂಚ್ ವಿದ್ವಾಂಸ ದೆರೆನ್‌ಬೂರ್ ಪತ್ತೆಹಚ್ಚಿದ್ದು ಇದೇ ಕಟ್ಟಡದಲ್ಲಿ. ಆ ಪ್ರತಿ ಇಲ್ಲಿ ಉಳಿಯದಿದ್ದರೆ ಆ ಗ್ರಂಥವೇ ನಮಗೆ ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಸಿದುಕೊಂಡದ್ದನ್ನು ಮರಳಿಸಬೇಕೆಂಬ ವಾದ ಹಳೆಯದು. ಕಾಪಾಡಿದ್ದು ನಾವು ಎಂಬ ಪ್ರತಿವಾದವೂ ಅಷ್ಟೇ ಹಳೆಯದು. ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದ ಸಂಗ್ರಹದ ವಿಷಯದಲ್ಲಿ ಎರಡನೆಯ ವಾದಕ್ಕೆ ಬಲ ಕಡಿಮೆ. ಸ್ಪೇನ್ ಕಂಡುಕೊಂಡದ್ದು ನಡುವಿನ ದಾರಿ. 2013ರ ಜುಲೈನಲ್ಲಿ ದೊರೆ ಹುವಾನ್ ಕಾರ್ಲೊಸ್ ರಬಾತ್‌ಗೆ ಭೇಟಿ ನೀಡಿದಾಗ 1939 ಹಸ್ತಪ್ರತಿಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಮೊರೊಕ್ಕೊಗೆ ಒಪ್ಪಿಸಲಾಯಿತು. ಮೊರೊಕ್ಕೊದ ಸಂಶೋಧಕ ಈಗ ತನ್ನ ಸುಲ್ತಾನನ ಗ್ರಂಥ ಓದಲು ಸಮುದ್ರ ದಾಟಬೇಕಾಗಿಲ್ಲ. ಮೂಲಪ್ರತಿಗಳು ಎಸ್ಕೊರಿಯಲ್‌ನಲ್ಲೇ ಇವೆ. ಅವುಗಳಲ್ಲಿ ಹಲವದರ ಮೇಲೆ, ಇದು ತನ್ನ ಸ್ವತ್ತು ಎಂಬ ಝೈದಾನ್‌ನ ಬರಹ ಈಗಲೂ ಇದೆ.